ಕೆಲಸ ಕೊಡಿ, ಸದಸ್ಯರು ಬರ್ತಾರೆ
ಆರ್ಕಿಟೆಕ್ಟ್‌ಗಳ ಸಂಘದ ಸಭೆಗೆ ಸದಸ್ಯರೇ ಬರಲ್ಲ ಅಂತ ಒಂದು ಲೇಖನದಲ್ಲಿ ಅದರ ಲೇಖಕರು ಬೇಜಾರು ಮಾಡಿಕೊಂಡಿದ್ದಾರೆ. ಬಂದು ಏನು ಮಾಡಬೇಕು ಹೇಳಿ? ನಾನು ನೋಡಿದ ಸಭೆಗಳಲ್ಲಿ ಟೈಲ್ಸ್ ಕಂಪನಿಯವರ ಪ್ರಚಾರ, ಹಾರ-ತುರಾಯಿ, ಊಟ. (ಊಟ ಚೆನ್ನಾಗಿರುತ್ತೆ, ಸುಳ್ಳು ಹೇಳಬಾರದು.)

ನಮ್ಮ ವಿಜಯಪುರದ ಹಳೇ ಓಣಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳಿವೆ. ದಪ್ಪ ಗೋಡೆ, ಮಾಳಿಗೆಯಲ್ಲಿ ಬೆಳಕಿಂಡಿ, ಏಪ್ರಿಲ್ ಬಿಸಿಲಲ್ಲೂ ಒಳಗೆ ತಂಪು. ಒಂದೊಂದಾಗಿ ಬೀಳ್ತಾ ಇವೆ. ಅಳತೆ ತೆಗೆದು ನಕ್ಷೆ ಮಾಡಿಡೋರು ಯಾರು? ಸಂಘ ಈ ಕೆಲಸವನ್ನು ಸದಸ್ಯರಿಗೆ ಕೊಡಲಿ. ಇಲ್ಲಿನ ಹಳೇ ದೊಡ್ಡ ಬಾವಿ ತಾಜ್ ಬಾವಡಿಗೆ ಪ್ರವಾಸಿಗರಾದರೂ ಬರ್ತಾರೆ, ಈ ಮನೆಗಳನ್ನು ಕೇಳೋರೇ ಇಲ್ಲ.

ಇನ್ನೊಂದು, 1972ರ ಆರ್ಕಿಟೆಕ್ಟ್‌ಗಳ ಕಾಯ್ದೆ ಪ್ರಕಾರ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕುವಂತಿಲ್ಲ. ಮನೆ ಕಟ್ಟಿಸುವವರಿಗೆ ಇದನ್ನು ತಿಳಿಸೋದೂ ಸಂಘದ ಕೆಲಸವೇ ಅಲ್ವಾ? ಕಮಿಟಿಯಲ್ಲಿ ಕಿರಿಯರಿಗೂ ಜಾಗ ಕೊಡಿ. ಆ ಹಳೇ ಮನೆಗಳ ಅಳತೆಗೆ ಟೇಪ್ ಹಿಡಿದು ಭಾನುವಾರ ಬರೋಕೆ ನಾನಂತೂ ರೆಡಿ.