ಸೊಂಟಕ್ಕೆ ಹೇಳಿದ್ದು, ಕೆನ್ನೆ ಕೇಳಿಸಿಕೊಂಡಿತು

ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಹಾಕಿ ನೀರು ಚಿಮುಕಿಸುವಷ್ಟರಲ್ಲಿ ಪಕ್ಕದ ಎಲೆಯಿಂದ ಬಂದೇ ಬರುತ್ತದೆ: "ಏನ್ರೀ, ಮುಖ ಇಷ್ಟೊಂದು ಇಳಿದುಹೋಗಿದೆ! ಶುಗರ್ ಚೆಕ್ ಮಾಡಿಸಿದ್ರಾ?" ಐದಕ್ಕೆದ್ದು ಸ್ಕ್ವಾಟ್ ಹೊಡೆದು, ಪ್ಯಾಂಟಿನ ಸೊಂಟ ಎರಡಿಂಚು ಹಿಡಿಸಿಕೊಂಡು ಬಂದವರಿಗೆ ಸಿಗುವ ಬಹುಮಾನ ಇದು. ಸೊಂಟ ಶರ್ಟಿನೊಳಗಿದೆ, ಯಾರಿಗೂ ಕಾಣದು. ಮುಖಕ್ಕೆ ಶರ್ಟಿಲ್ಲ.

ಪ್ರಶ್ನೆ ಪೂರ್ತಿ ದಡ್ಡತನದ್ದಲ್ಲ ಅನ್ನುವುದು ಇನ್ನೂ ಕಿರಿಕಿರಿ. ಪಥ್ಯ, ವ್ಯಾಯಾಮ ಏನೂ ಇಲ್ಲದೆ ಆರು ತಿಂಗಳು, ವರ್ಷದೊಳಗೆ ತೂಕದಲ್ಲಿ ನೂರಕ್ಕೆ 5 ಭಾಗ ಹೋದರೆ, ಜೊತೆಗೆ ಬಾಯಾರಿಕೆಯೂ ರಾತ್ರಿ ಮೂತ್ರಕ್ಕೆ ಏಳುವುದೂ ಹೆಚ್ಚಿದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಆದರೆ ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ. ಹೋಳಿಗೆಗೆ ತುಪ್ಪ ಬರುವತನಕ ಹೊತ್ತು ಹೋಗಬೇಕು, ಅಷ್ಟೇ.

ಕ್ರಂಚಸ್ ಎಷ್ಟೇ ಹೊಡೆಯಿರಿ, ಕೊಬ್ಬು ಎಲ್ಲಿಂದ ಹೊರಡಬೇಕೆಂದು ಹೊಟ್ಟೆಯನ್ನು ಯಾರೂ ಕೇಳುವುದಿಲ್ಲ. ಅದು ವಂಶವಾಹಿ, ಹಾರ್ಮೋನು, ವಯಸ್ಸುಗಳ ಕಾರುಬಾರು. ತೋಳು ತೊಡೆಗಳಲ್ಲಾದರೆ ಕೊಬ್ಬು ಖಾಲಿ ಮಾಡಿದ ಜಾಗಕ್ಕೆ ಸ್ನಾಯು ಬಂದು ಕೂರುತ್ತದೆ. ಕೆನ್ನೆಗೆ ಡಂಬೆಲ್ ಇಲ್ಲ. ಇದೆ ಎಂದುಕೊಂಡವರು ಸಿಲಿಕೋನ್ ಉಂಡೆ ಕೊಂಡು ಹಲ್ಲಲ್ಲಿ ಕಚ್ಚುತ್ತಾರೆ. ಅದರಿಂದ ಬೆಳೆಯುವುದು ದವಡೆಯ ಮೂಲೆಯಲ್ಲಿರುವ ಅಗಿಯುವ ಸ್ನಾಯು. ಕೆನ್ನೆ ತಗ್ಗಿದ್ದಲ್ಲೇ ಉಳಿದು ಮುಖದ ಕೆಳಭಾಗ ಅಗಲವಾಗುತ್ತದೆ. ಕಿವಿಯ ಮುಂದಿನ ದವಡೆಕೀಲು ಲಟಕ್ಕೆನ್ನಲು ಶುರುವಾದರೆ ಚಕ್ಕುಲಿಯೂ ಹೋಯಿತು.

ಕೆನ್ನೆಯಿಂದ ಹೋಗುವುದು ಯಾವ ಕೊಬ್ಬು ಎಂದು ತಿಳಿಯಬೇಕಾದರೆ ಬಿಷಾ ಎಂಬ ಫ್ರೆಂಚ್ ವೈದ್ಯನನ್ನು ಮಾತಾಡಿಸಿಬಿಡಬೇಕು. ಕೆನ್ನೆಯ ಆಳದಲ್ಲಿ ಒಂದು ಕೊಬ್ಬಿನ ದಿಂಡಿದೆ. 1732ರಲ್ಲಿ ಹೈಸ್ಟರ್ ಎಂಬ ಜರ್ಮನ್ ಪಂಡಿತ ಅದನ್ನು ಗ್ರಂಥಿ ಎಂದು ತಿಳಿದು ಹೆಸರೂ ಇಟ್ಟ. ಗ್ರಂಥಿಯಲ್ಲ, ಬರೀ ಕೊಬ್ಬು ಎಂದು ಹೇಳಿದವನು ಬಿಷಾ. ಸೂಕ್ಷ್ಮದರ್ಶಕವನ್ನು ನಂಬದೆ ಬರಿಗಣ್ಣಲ್ಲೇ ದೇಹವನ್ನು 21 ಬಗೆಯ ಅಂಗಾಂಶಗಳಾಗಿ ವಿಂಗಡಿಸಿದ ಭೂಪ. 1802ರಲ್ಲಿ, ಮೂವತ್ತನೇ ವಯಸ್ಸಿಗೇ ತೀರಿಕೊಂಡ. ದಿಂಡಿಗೆ ಇವತ್ತಿಗೂ ಅವನದೇ ಹೆಸರು. ಅಗಿಯುವಾಗ ಸ್ನಾಯುಗಳು ಒಂದರ ಮೇಲೊಂದು ಜಾರಲು ಅದು ಮೆತ್ತೆ. ಕೂಸುಗಳಲ್ಲಿ ದಪ್ಪಗಿರುತ್ತದೆ, ಹಾಲು ಚೀಪುವಾಗ ಕೆನ್ನೆ ಒಳಗೆ ಕುಸಿಯದಂತೆ ತಡೆಯುತ್ತದೆ ಎನ್ನುತ್ತಾರೆ. ಮೈ ಸೊರಗಿದರೂ ಇದು ಸುಲಭಕ್ಕೆ ಕರಗದು. ಪಥ್ಯದವರ ಮುಖದಲ್ಲಿ ಹೆಚ್ಚಾಗಿ ಹೋಗುವುದು ಚರ್ಮದ ಕೆಳಗಿನ ಪದರ. ಇಷ್ಟು ನಿಯತ್ತಿನ ಕೊಬ್ಬನ್ನು ಈಗ ಬಾಯೊಳಗಿಂದ ಕೊಯ್ದು ತೆಗೆಸುವ ಫ್ಯಾಶನ್ ಬಂದಿದೆ, ಕೆನ್ನೆ ಕುಳಿ ಬೀಳಲಿ ಅಂತ! ಇಪ್ಪತ್ತೈದಕ್ಕೆ ದುಡ್ಡು ಕೊಟ್ಟು ತೆಗೆಸಿ, ನಲವತ್ತೈದಕ್ಕೆ ದುಡ್ಡು ಕೊಟ್ಟು ತುಂಬಿಸುವ ಬುದ್ಧಿವಂತಿಕೆಗೆ ಏನೆನ್ನಬೇಕೋ.

ತುಂಬಿಸುವವರಿಗೆ ಒಂದು ಮಾತು. ತೂಕ ಇಳಿಯುತ್ತಿರುವಾಗಲೇ ಫಿಲ್ಲರ್‌ಗೆ, ಅಂದರೆ ಕೆನ್ನೆ ತುಂಬಿಸುವ ಚುಚ್ಚುಮದ್ದಿಗೆ, ಓಡಬೇಡಿ. ತೂಕ ಒಂದು ಕಡೆ ನಿಂತು ಕೆಲವು ತಿಂಗಳಾಗಲಿ. ಫಿಲ್ಲರ್ ಸಿರಿಂಜಿನಲ್ಲಿ ಸಾಮಾನ್ಯವಾಗಿ ಇರುವುದೇ 1 ಮಿಲಿ, ಟೀ ಚಮಚದ ಐದನೇ ಒಂದು ಪಾಲು. ಇಳಿಯುತ್ತಿರುವ ಮುಖಕ್ಕೆ ಎಷ್ಟು ಬೇಕೆಂದು ಯಾರು ಲೆಕ್ಕ ಹಾಕುತ್ತಾರೆ?

ಅದಕ್ಕಿಂತ ಅಗ್ಗದ್ದು ಆತುರ ಬಿಡುವುದು. 70 ಕಿಲೋ ಇರುವವರು ವಾರಕ್ಕೆ 350ರಿಂದ 700 ಗ್ರಾಂ ಇಳಿದರೆ ಸಾಕು. ಅದಕ್ಕಿಂತ ಜೋರಾಗಿ ಇಳಿದರೆ ಸ್ನಾಯುವೂ ಜೊತೆಗೆ ಹೋಗುತ್ತದೆ, ಹೊಂದಿಕೊಳ್ಳಲು ಚರ್ಮಕ್ಕೆ ಪುರಸೊತ್ತು ಸಿಗದು. ಮೊದಲ ವಾರ ಹೋಗುವುದರಲ್ಲಿ ನೀರೇ ಬಹಳ: ಗ್ಲೈಕೋಜನ್ ಅಂದರೆ ಮೈಯಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅದರ ಪ್ರತಿ ಗ್ರಾಂ ಸುಮಾರು 3 ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಸ್ನಾಯು ಉಳಿಯಬೇಕಾದರೆ ಅದೇ 70 ಕಿಲೋದವರಿಗೆ, ಮೈತೂಕದ ಕಿಲೋಗೆ 1.2ರಿಂದ 1.6 ಗ್ರಾಂ ಲೆಕ್ಕದಲ್ಲಿ, ದಿನಕ್ಕೆ 84ರಿಂದ 112 ಗ್ರಾಂ ಪ್ರೋಟೀನ್ ಬೇಕು. ನಮ್ಮ ಮನೆಗಳಲ್ಲಿ ಬೇಳೆ ಪಾತ್ರೆಯ ತಳದಲ್ಲಿ, ತಿಳಿ ತಟ್ಟೆಯಲ್ಲಿ; ಆ ಸಾರಿನಿಂದ ಇದು ಹುಟ್ಟದು. 30 ಗ್ರಾಂ ಒಣ ಹುರುಳಿಕಾಳಿಗೆ 6-7 ಗ್ರಾಂ, ಒಂದು ಮೊಟ್ಟೆಗೆ 6 ಗ್ರಾಂ. ಇನ್ನುಳಿದದ್ದು ನೀವೇ ಕೂಡಿಸಿ.

ಜಿಮ್ಮಿನ ಕನ್ನಡಿ ನೋಡಿ ಮಾತ್ರ ಗಾಬರಿಯಾಗಬೇಡಿ. ನೆತ್ತಿಯ ಮೇಲಿನ ದೀಪ ತೋಳಿನ ಉಬ್ಬನ್ನು ತೋರಿಸುವ ಹಾಗೆಯೇ ಕಣ್ಣು, ಕೆನ್ನೆಗಳ ಕೆಳಗೆ ನೆರಳು ತುಂಬುತ್ತದೆ. ಸೆಲ್ಫಿಯೂ ಬೇಡ, ಅಷ್ಟು ಹತ್ತಿರದಿಂದ ಮೂಗು ಉಬ್ಬಿ, ಕಿವಿ ಹಿಂದೆ ಸರಿಯುತ್ತದೆ. ಕಿಟಕಿಗೆ ಮುಖಮಾಡಿ ನಿಂತು, ಒಂದೂವರೆ ಮೀಟರ್ ದೂರದಿಂದ, ಕಣ್ಣಿನ ಮಟ್ಟದಲ್ಲಿ ಬೇರೆಯವರ ಕೈಲಿ ತೆಗೆಸಿ, ತಿಂಗಳಿಗೊಂದು ಸಲ, ಬೆಳಗಿನ ಹೊತ್ತು. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಬಾರಿಸಿದ್ದರೆ ಉಪ್ಪಿಗೆ ಮುಖ ಊದಿರುತ್ತದೆ, ಆ ದಿನದ ಫೋಟೊ ಲೆಕ್ಕಕ್ಕಿಲ್ಲ.