ಪ್ಲಾಸ್ಮಾ 6, ಕಾಕಾ 68

ನಮ್ಮ ಮನೆ ಕಂಪ್ಯೂಟರಿಗೆ ಮಾಲೀಕರು ಮೂವರು. ದುಡ್ಡು ಕೊಟ್ಟವನು ನಾನು, ಹಾಗಾಗಿ ನನ್ನ ಮಾತು ಅಲ್ಲಿ ನಡೆಯುವುದಿಲ್ಲ. ಕಾಕಾ ದಿನಾ ತಾಸುಗಟ್ಟಲೆ ಅದರ ಮುಂದೆ ಕೂಡುತ್ತಾರೆ. ಕಾಕು ಕೂಡುವುದಿಲ್ಲ. ಅಡುಗೆಮನೆಗೆ ಹೋಗುತ್ತ ಬರುತ್ತ ಪರದೆಯ ಮೂಲೆಯಲ್ಲಿ ಮಳೆ ಬರುತ್ತದೋ ಇಲ್ಲವೋ ನೋಡಿ, ಒಣಹಾಕಿದ ಬಟ್ಟೆ ತೆಗೆಯಲು ಹೋಗುತ್ತಾರೆ.

ಕಾಕಾ ಕಲಬುರಗಿ ಗಂಜಿನ, ಅಂದರೆ ಕಾಳುಕಡಿ ಪೇಟೆಯ, ಬೇಳೆ ಮಿಲ್ಲೊಂದರಲ್ಲಿ ಮುನೀಮರಾಗಿದ್ದವರು. ಕೆಲಸ ಬಿಟ್ಟರು, ತೊಗರಿ ಬಿಟ್ಟಿಲ್ಲ. 2019ರಲ್ಲಿ ನಮ್ಮೂರ ತೊಗರಿ ಬೇಳೆಗೆ ಜಿಐ ಟ್ಯಾಗ್ ಬಂದಾಗ ಓಣಿಗೆಲ್ಲ ಪೇಢಾ ಹಂಚಿದ್ದರು. ಈಗಲೂ ದಿನಾ ಗಂಜಿಗೆ ಫೋನ್ ಹಚ್ಚಿ ಧಾರಣೆ ಕೇಳುತ್ತಾರೆ. ಅದನ್ನು ಲಿಬ್ರೆ ಆಫೀಸಿನ ಹಾಳೆಯಲ್ಲಿ ತಾರೀಖಿನ ಮುಂದೆ ಬರೆಯುತ್ತಾರೆ. ಪಕ್ಕದಲ್ಲಿ ಕನ್ನಡದಲ್ಲೊಂದು ಷರಾ: 'ಮಾಲು ಹಸಿ ಅದ', 'ಸಾಹುಕಾರ ಸುಳ್ಳ ಹೇಳ್ಯಾನ' ಇತ್ಯಾದಿ. ವರ್ಷಕ್ಕೊಂದು ಫೈಲು. ಎಲ್ಲವೂ 'ತೊಗರಿ' ಅನ್ನುವ ಫೋಲ್ಡರಿನಲ್ಲಿ. ಆಳಂದ, ಜೇವರ್ಗಿ ಕಡೆಯ ಬೀಗರು ಮಾಲು ಈಗ ಬಿಡಬೇಕೋ, ಇನ್ನೂ ತಡೆಯಬೇಕೋ ಅಂತ ಇವರನ್ನೇ ಕೇಳುವುದು.

ಕಂಪ್ಯೂಟರಿನಲ್ಲಿ ವಿಂಡೋಸಿನ ಜಾಗದಲ್ಲಿ ಇದ್ದದ್ದು ಡೆಬಿಯನ್ 12 ಅನ್ನುವ ಲಿನಕ್ಸ್. ಡೆಬಿಯನ್‌ನವರು ತಮ್ಮ ಆವೃತ್ತಿಗಳಿಗೆ ಮಕ್ಕಳ ಸಿನಿಮಾ ಒಂದರ ಆಟಿಕೆಗಳ ಹೆಸರಿಡುತ್ತಾರೆ. 12ಕ್ಕೆ ಬುಕ್‌ವರ್ಮ್ ಅನ್ನುವ ಹುಳದ ಹೆಸರು. 2025ರ ಆಗಸ್ಟ್ 9ರಂದು ಬಂದ 13ಕ್ಕೆ ಟ್ರಿಕ್ಸಿ ಅನ್ನುವ ಮೂರು ಕೊಂಬಿನ ಡೈನೋಸಾರ್ ಹೆಸರು. ಪರದೆ ಮೇಲಿನ ಪಟ್ಟಿ, ಕಿಟಕಿಗಳನ್ನೆಲ್ಲ ತೋರಿಸುವುದು ಕೆಡಿಇ ಅನ್ನುವ ಬಳಗದ ಪ್ಲಾಸ್ಮಾ. ಹುಳದಲ್ಲಿ ಈ ಡೆಸ್ಕ್‌ಟಾಪು ಪ್ಲಾಸ್ಮಾ 5.27 ಇತ್ತು, ಡೈನೋಸಾರ್ ಜೊತೆಗೆ ಪ್ಲಾಸ್ಮಾ 6.3 ಬಂತು. ಪ್ಲಾಸ್ಮಾ 6 ಹೊರಬಿದ್ದದ್ದು 2024ರ ಫೆಬ್ರವರಿ 28ಕ್ಕೇ. ಆದರೆ ಡೆಬಿಯನ್‌ನಲ್ಲಿ ಯಾವುದಕ್ಕೂ ಅವಸರ ಇಲ್ಲ. ಬೇರೆಯವರೆಲ್ಲ ಬೈದು ಬೈದು ಸುಸ್ತಾದ ಮೇಲೆ ಅದು ನಮ್ಮ ಮನೆಗೆ ಬರುತ್ತದೆ. ನನಗಂತೂ ಈ ಪದ್ಧತಿ ಬಹಳ ಇಷ್ಟ.

ಶ್ರಾವಣದ ಸೋಮವಾರ. ಕಾಕಾ ಶರಣಬಸವೇಶ್ವರ ಗುಡಿಗೆ ಹೊರಟರು. ಶ್ರಾವಣದ ಪಾಳಿ ಗೊತ್ತಲ್ಲ, ಬರುವುದು ತಡ. ಪ್ರೋಗ್ರಾಂಗಳನ್ನು ಎಲ್ಲಿಂದ ಇಳಿಸಬೇಕು ಅನ್ನುವ ಫೈಲಿನಲ್ಲಿ ಹುಳದ ಹೆಸರು ತೆಗೆದು ಡೈನೋಸಾರ್ ಹೆಸರು ಹಾಕಿ, ಅಪ್‌ಗ್ರೇಡ್ ಶುರು ಹಚ್ಚಿ, ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಓಡುವುದನ್ನು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಚಹಾಕ್ಕೆ ಒಳಗೆ ಹೋದೆ.

ಪಾಳಿ ಅವತ್ತು ಉದ್ದ ಇರಲಿಲ್ಲ. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದ ಕಾಕಾ ಪಡಸಾಲೆಯಲ್ಲಿ ನಿಂತು ನೋಡಿದರು. ಖುರ್ಚಿಯಲ್ಲಿ ಮನುಷ್ಯ ಇಲ್ಲ. ಪರದೆ ಉರಿಯುತ್ತಿದೆ. ಮಿಲ್ಲಿನಲ್ಲಿ ಮೂವತ್ತು ವರ್ಷ ಕರೆಂಟಿನ ಬಿಲ್ಲು ಬರೆದ ಕೈ ಅದು, ಸುಮ್ನೆ ಇರುತ್ತದೆಯೇ? ಸೀದಾ ಗೋಡೆಯ ಬಟನ್ನಿಗೇ ಹೋಯಿತು.

"ಟಪ್" ಅಂದದ್ದು ಅಡುಗೆಮನೆಗೂ ಕೇಳಿಸಿತು.

"ಯಾರೂ ಇಲ್ಲದಾಗ ಯಾಕ ಚಾಲೂ ಇಡ್ತಿ ತಮ್ಮಾ? ಕರೆಂಟ್ ಏನ್ ಪುಕ್ಕಟ ಬರ್ತದೇನು?"

ಮತ್ತೆ ಚಾಲೂ ಮಾಡಿದರೆ ಡೆಸ್ಕ್‌ಟಾಪಿನ ಸುಳಿವೇ ಇಲ್ಲ. ಬರೀ ಅಕ್ಷರಗಳು. ಕೆಲಸ ಅರ್ಧಕ್ಕೆ ನಿಂತಿದೆ, 'ಡಿಪಿಕೆಜಿ ಕಾನ್ಫಿಗರ್' ಅನ್ನುವ ಕಮ್ಯಾಂಡನ್ನು ನೀವೇ ಓಡಿಸಿ ಅಂತ ಅಪ್ಪಣೆ. ಓಡಿಸಿದೆ. ಅದು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹಿಡಿದುಕೊಂಡು ಮುಂದೆ ನಡೆಯಿತು. ಈ ಹಳೇ ಪ್ರೋಗ್ರಾಂ ಬರೆದವರ ಕೈಗೆ ಒಂದು ಶರಣು. ಕಾಕಾ ಹಿಂದೆ ನಿಂತು ಓಡುವ ಸಾಲುಗಳನ್ನು ನೋಡಿ "ಜಮಾ ಯಾವುದು, ಖರ್ಚು ಯಾವುದು ಇದರಾಗ?" ಅಂದರು.

ಮಧ್ಯಾಹ್ನಕ್ಕೆ ಪ್ಲಾಸ್ಮಾ 6 ಎದ್ದು ಕೂತಿತು. ಚಂದ ಇದೆ, ಸುಳ್ಳು ಹೇಳಬಾರದು. ಆದರೆ ಕೆಳಗಿನ ಪಟ್ಟಿ ಈಗ ಪರದೆಯ ಅಂಚಿಗೆ ಅಂಟಿಕೊಂಡಿಲ್ಲ, ಒಂಚೂರು ಮೇಲೆ ತೇಲುತ್ತದೆ. ಕಾಕಾ ಮೊದಲು ನೋಡಿದ್ದೇ ಆ ಸಂದನ್ನು.

"ಇದು ಕಿತ್ತು ಬಂದದ ನೋಡು."

"ಹಂಗೇ ಮಾಡ್ಯಾರ ಕಾಕಾ. ಕಿಟಕಿ ದೊಡ್ಡದು ಮಾಡಿದ್ರ ತಾನೇ ಅಂಟ್ಕೊಳ್ತದ."

"ಅಂಟ್ಕೊಳ್ಳೋದು ಗೊತ್ತದ ಅಂದ್ಮ್ಯಾಲ ಯಾಕ ಬಿಡ್ತದ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಅಷ್ಟರಲ್ಲಿ ಕಾಕು ಸೆರಗಿಗೆ ಕೈ ಒರೆಸುತ್ತ ಬಂದರು. ಅವರ ಹವಾಮಾನದ ಚೌಕದಲ್ಲಿ ಮೋಡವೂ ಇಲ್ಲ, ಸೂರ್ಯನೂ ಇಲ್ಲ. ಬೇರೆಯವರು ಪ್ಲಾಸ್ಮಾ 5ಕ್ಕೆ ಅಂತ ಮಾಡಿದ ಇಂಥ ವಿಜೆಟ್‌ಗಳು 6ರಲ್ಲಿ ನಡೆಯುವುದಿಲ್ಲ, ತಿದ್ದಿ ಬರೆಯಬೇಕು. ಇದು ಹಳೇ ಪ್ಲಾಸ್ಮಾದ್ದು, ಹೊಸದು ಬೇಕಾದರೆ ಬರೆದವರನ್ನು ಕೇಳಿ ಅಂತ ಇಂಗ್ಲಿಷಿನಲ್ಲಿ ನೋಟೀಸು ಅಂಟಿಸಿತ್ತು. ಓದಿ ಹೇಳಿದೆ.

"ಮಳಿ ಬರ್ತದೋ ಇಲ್ಲೋ ಕೇಳ್ಲಿಕ್ಕೆ ನಾ ಯಾರಿಗಿ ಫೋನ್ ಹಚ್ಚಲೀ?" ಅಂದು ಕಿಟಕಿಯಾಚೆ ಕತ್ತು ಚಾಚಿ ಆಕಾಶ ನೋಡಿದರು. ಆವತ್ತು ಬಟ್ಟೆ ನೆನೆಯಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು.

ಆಮೇಲೆ ಕನ್ನಡ ಹೋಯಿತು. ಕಾಕಾ 'ಮಾಲು' ಅಂತ ಒತ್ತಿದರೆ ಇಂಗ್ಲಿಷ್ ಅಕ್ಷರ ಬಿತ್ತು. ಇದರ ಹಿಂದೆ ಒಂದು ಕತೆ ಇದೆ. ಲಿನಕ್ಸಿನಲ್ಲಿ ಪರದೆ ಮೇಲೆ ಚಿತ್ರ ಮೂಡಿಸುವ ಕೆಲಸ ಇಷ್ಟು ದಿನ ಮಾಡುತ್ತಿದ್ದುದು ಎಕ್ಸ್11. ಅದು 1987ರದ್ದು. ಅದರ ಜಾಗಕ್ಕೆ ವೇಲ್ಯಾಂಡ್ ಬಂದಿದೆ, ಪ್ಲಾಸ್ಮಾ 6 ತಾನಾಗಿ ಅದನ್ನೇ ಹಿಡಿಯುತ್ತದೆ. ಲಾಗಿನ್ ಆಗುವಾಗ ನಮ್ಮನ್ನೊಂದು ಮಾತು ಕೇಳುವುದೂ ಇಲ್ಲ. ಕನ್ನಡ ಟೈಪ್ ಮಾಡಿಸುವ ಐಬಸ್ಸಿಗೆ ಈ ಹೊಸ ಯಜಮಾನನ ಪರಿಚಯ ಮಾಡಿಸಬೇಕು. ಆ ಜಾಗ ಎಲ್ಲಿದೆ ಅಂತೀರಿ? ಸಿಸ್ಟಮ್ ಸೆಟ್ಟಿಂಗ್ಸಿನಲ್ಲಿ ವರ್ಚುವಲ್ ಕೀಬೋರ್ಡ್ ಅನ್ನುವ ಪುಟದಲ್ಲಿ!

"ಕೀಬೋರ್ಡ್ ಕಣ್ಮುಂದೇ ಅದಲ್ಲೋ. ಮತ್ತ ವರ್ಚುವಲ್ ಅಂದ್ರ ಯಾವುದು?"

ಅಲ್ಲಿ ಐಬಸ್ ವೇಲ್ಯಾಂಡ್ ಆರಿಸಿದ ಮೇಲೆ ಕನ್ನಡ ವಾಪಸ್ ಬಂತು. ಕಾಕಾ ಮೊದಲು ಬರೆದ ಷರಾ ನನ್ನ ಬಗ್ಗೆಯೇ ಇತ್ತು. ಅದನ್ನು ಇಲ್ಲಿ ಕೊಡುವುದಿಲ್ಲ.

1996ರ ಅಕ್ಟೋಬರಿನಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಕ್ ಕೆಡಿಇ ಶುರು ಮಾಡಿದಾಗ, ಇದು ಸಿಸ್ಟಮ್ ನೋಡಿಕೊಳ್ಳುವ ಪರಿಣತರಿಗಲ್ಲ, ನಾಲ್ಕು ಪತ್ರ ಬರೆದು ಒಂದಿಷ್ಟು ಆಟ ಆಡುವ ಸಾದಾ ಮಂದಿಗೆ ಅಂತ ಹೇಳಿದ್ದ. ಬರೋಬರಿ ನಮ್ಮ ಕಾಕಾನೇ. ಷರಾ ಬರೆಯುವುದು, ಇಸ್ಪೀಟು ಆಡುವುದು. ಅಂಥವರ ಕೈಗೆ ಪ್ಲಾಸ್ಮಾ 6 ಕೊಟ್ಟ ದೊಡ್ಡ ಪೆಟ್ಟು ಅಂದರೆ ಡಬಲ್ ಕ್ಲಿಕ್ಕು.

ಮೊದಲೆಲ್ಲ ಕೆಡಿಇಯಲ್ಲಿ ಫೈಲಿನ ಮೇಲೆ ಒಂದು ಸಲ ಒತ್ತಿದರೆ ತೆರೆಯುತ್ತಿತ್ತು. ಮಿಲ್ಲಿನ ಕಂಪ್ಯೂಟರಿನಲ್ಲಿ ಎರಡು ಸಲ ಒತ್ತಿ ರೂಢಿ ಇದ್ದ ಕಾಕಾಗೆ 'ಒಂದೇ ಸಾಕು' ಅಂತ ಕಲಿಸಲು ನನ್ನ ಗಂಟಲು ಒಣಗಿತ್ತು. ಹೊರಗಿನಿಂದ ಬರುವವರಿಗೆಲ್ಲ ಎರಡೇ ರೂಢಿ ಅಂತ 6ರಲ್ಲಿ ಡಬಲ್ ಕ್ಲಿಕ್ಕನ್ನೇ ಮೊದಲ ಆಯ್ಕೆ ಮಾಡಿಬಿಟ್ಟರು. ಅರವತ್ತೆಂಟರ ಬೆರಳು ಮತ್ತೆ ಹಿಂದಕ್ಕೆ ಹೋಗಬೇಕು. ಒಂದು ಸಲ ಒತ್ತುತ್ತಾರೆ, ಕನ್ನಡಕ ಸರಿ ಮಾಡಿಕೊಳ್ಳುತ್ತಾರೆ, ಇನ್ನೊಂದು ಸಲ ಒತ್ತುತ್ತಾರೆ. ಅಷ್ಟರಲ್ಲಿ ಇಲಿ ಜಾರಿರುತ್ತದೆ. ಮೊದಲ ಕ್ಲಿಕ್ಕು ಕಲಬುರಗಿಯಲ್ಲಿ, ಎರಡನೆಯದು ಶಹಾಬಾದಿನಲ್ಲಿ.

"ಮೊದಲಿನಂಗ ಮಾಡಿಕೊಡು" ಅಂದರು. ನನಗೆ ಕೆಲಸದ ಗಡಿಬಿಡಿ, ಆ ವಾರ ಆಗಲಿಲ್ಲ. ಮುನೀಮರು ಹಟ ಬಿಡಲಿಲ್ಲ. ಗುಡಿಯಿಂದ ಬಂದು ಜಪ ಮಾಡಿದ ಹಾಗೆ ಟಕಟಕ ಟಕಟಕ ಅಂತ ಅಭ್ಯಾಸ ಮಾಡಿ ಡಬಲ್ ಕ್ಲಿಕ್ಕನ್ನು ಗೆದ್ದೇಬಿಟ್ಟರು. ಅದು ನನಗೆ ಗೊತ್ತಿಲ್ಲ. ಅವರು ಕೇಳಿದ್ದರಲ್ಲ ಅಂತ ಒಂದು ರಾತ್ರಿ ಕೂತು ಸಿಂಗಲ್ ಕ್ಲಿಕ್ಕಿಗೆ ಬದಲಿಸಿ ಮಲಗಿದೆ.

ಮರುದಿನ ಬೆಳಗ್ಗೆ ಗಂಜು ತೆರೆಯುವ ಮುಂಚೆಯೇ ಆಳಂದದ ಅಳಿಯಂದಿರ ಫೋನು. ತಡೆದಿಟ್ಟ ಹೋದ ವರ್ಷದ ಮಾಲಿದೆ, ನಿನ್ನೆ ಧಾರಣೆ ಎಷ್ಟಿತ್ತು ಅಂತ. ಕಾಕಾ ನೆನಪಿನಿಂದ ಹೇಳುವವರಲ್ಲ, ಖಾತೆ ನೋಡಿಯೇ ಹೇಳುವುದು. 'ತೊಗರಿ' ಫೋಲ್ಡರಿನ ಮೇಲೆ ಟಕಟಕ ಅಂತ ಎರಡು ಸಲ ಒತ್ತಿದರು. ಮೊದಲ ಏಟಿಗೆ ಫೋಲ್ಡರ್ ತೆರೆಯಿತು. ಎರಡನೆಯದು ಅದೇ ಜಾಗದಲ್ಲಿ ಬಂದು ಕೂತಿದ್ದ ಫೈಲಿನ ಮೇಲೆ ಬಿತ್ತು. ಅದು 2024ರದ್ದು.

2024ರಲ್ಲಿ ತೊಗರಿ ಕ್ವಿಂಟಲಿಗೆ ಹತ್ತು ಸಾವಿರ ದಾಟಿತ್ತು. 2025ರಲ್ಲಿ, ಸರ್ಕಾರ ಹಿಂದಿನ ವರ್ಷ ಕಟ್ಟಿದ್ದ 7,550ರ ಬೆಂಬಲ ಬೆಲೆಯೂ ಗಂಜಿನಲ್ಲಿ ಸಿಗದೆ ರೈತರು ತಲೆ ಮೇಲೆ ಕೈ ಹೊತ್ತಿದ್ದರು. ಕಾಕಾ ತಾರೀಖು ನೋಡಿದರು, ವರ್ಷ ನೋಡಲಿಲ್ಲ. ಹತ್ತು ಸಾವಿರದ ಚಿಲ್ಲರೆ ಅಂತ ಗಟ್ಟಿಯಾಗಿ ಓದಿ ಹೇಳಿದರು. ಓದಿದ ಮೇಲೆ ತಮಗೂ ಅನುಮಾನ ಬಂತಂತೆ. ಆದರೆ ಖಾತೆಯಲ್ಲಿ ತಮ್ಮ ಕೈಯಾರೆ ಬರೆದದ್ದು ಸುಳ್ಳಾಗುತ್ತದೆಯೇ?

ನಾನು ಊಟಕ್ಕೆ ಕೂತಿದ್ದಾಗ ಮತ್ತೆ ಫೋನು. ಅಳಿಯಂದಿರು ಟೆಂಪೊ ತುಂಬ ಚೀಲ ಹೇರಿಕೊಂಡು ಗಂಜಿನೊಳಗೆ ನಿಂತಿದ್ದರು. ಸುತ್ತ ಯಾರೋ ನಗುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಕಾಕಾ ಒಂದು ನಿಮಿಷ ಸುಮ್ಮನೆ ಕೇಳಿದರು. ಪರದೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು.

"ತಡೀರಿ, ಅಪ್‌ಗ್ರೇಡ್ ಮಾಡಿದವ ಇಲ್ಲೇ ಅದಾನ" ಅಂದು ಫೋನನ್ನು ನನ್ನ ಎಡಗೈಗೆ ಕೊಟ್ಟರು.

"ಏನ್ರೀ," ಅಂದರು ಅಳಿಯಂದಿರು, "ಟೆಂಪೊ ಬಾಡಿಗಿ ನೀವ್ ಕೊಡ್ತೀರೋ, ಪ್ಲಾಸ್ಮಾದವರು ಕೊಡ್ತಾರೋ?"