ಕಾಲು ಇಂಚು ತಪ್ಪಿತು, ಕಾಲು ಹೊರಗೆ ಬಂತು

ನನ್ನೊಳಗೆ ಒಬ್ಬ ಕಲಾವಿದೆ ಇದ್ದಾಳೆ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇತ್ತು. ಸಂಗೀತದಲ್ಲಿ ಹುಡುಕಿದೆ, ಸಿಗಲಿಲ್ಲ. ಚಿತ್ರಕಲೆಯಲ್ಲಿ ಹುಡುಕಿದೆ. ನಾನು ಬರೆದ ಕುದುರೆ ನೋಡಿ ಮಗಳು "ಅಮ್ಮ, ನಾಯಿ ಚೆನ್ನಾಗಿದೆ" ಎಂದಳು. ಅಲ್ಲಿಗೆ ಕುಂಚ ತೊಳೆದಿಟ್ಟೆ. ಕೊನೆಗೆ ಬಟ್ಟೆ ಚೂರುಗಳನ್ನು ಜೋಡಿಸಿ, ಹೊದೆಯಲು ಕೌದಿ ಹೊಲಿಯುತ್ತೇನೆ ಎಂದಾಗ ಯಾರೂ ತಡೆಯಲಿಲ್ಲ. ಹಳೆ ಬಟ್ಟೆಯಾದರೂ ಖಾಲಿಯಾಗಲಿ ಎಂದುಕೊಂಡಿರಬೇಕು.

ಹಳೆ ಬಟ್ಟೆ ಅಂದರೆ ಯಾವುದು ಎನ್ನುವುದರಲ್ಲೇ ಮೊದಲ ಜಗಳ. ಮೂರು ವರ್ಷದಿಂದ ಹಾಕದೇ ಇದ್ದದ್ದು ಹಳೆಯದು ಎಂದು ನನ್ನ ವಾದ. ಈಗ ಗುಂಡಿ ಹಾಕಲು ಬಾರದಿದ್ದರೂ, ಹೊಟ್ಟೆ ಕರಗಿದ ಮೇಲೆ ಹಾಕಬಹುದಾದ ಶರ್ಟು ಹಳೆಯದಲ್ಲ ಎಂದು ಇವರ ವಾದ. ಚರ್ಚೆ ಮುಗಿಯುವಷ್ಟರಲ್ಲಿ ಆ ಬಿಳಿ ಶರ್ಟು ಹನ್ನೆರಡು ಚೌಕಗಳಾಗಿತ್ತು. ಒಂದು ಚೌಕದ ಮೇಲೆ ಜೇಬು ಹಾಗೇ ಉಳಿದಿತ್ತು. ಬಿಚ್ಚಲು ಸೋಮಾರಿತನ.

ಚೌಕಗಳನ್ನು ನೆಲದ ಮೇಲೆ ಜೋಡಿಸಿದ ಆ ಎರಡು ದಿನ ಇದೆಯಲ್ಲ, ಅದನ್ನು ಮಾತ್ರ ಮರೆಯಲಾರೆ. ನೀಲಿ ಪಕ್ಕ ಹಳದಿ ಇಟ್ಟು ನೋಡುವುದು, ದೂರ ಹೋಗಿ ಕಣ್ಣು ಕಿರಿದು ಮಾಡುವುದು, ಮತ್ತೆ ಬಂದು ತೆಗೆಯುವುದು. ಮನೆಯವರೆಲ್ಲ ಕುಂಟಾಬಿಲ್ಲೆ ಆಡುವವರ ಹಾಗೆ ಹಾರಿಕೊಂಡು ಓಡಾಡಿದರು. ಕಡೆಗೂ ಇದೇ ಸರಿ ಎಂದು ನಾನು ನಿಟ್ಟುಸಿರು ಬಿಟ್ಟ ಗಳಿಗೆಗೆ ಸರಿಯಾಗಿ ಇವರು ಬಂದು ಫ್ಯಾನ್ ಹಾಕಿದರು. ಬೈಯಲು ಬಾಯಿ ತೆರೆದವಳು ನೆಲ ನೋಡಿ ಸುಮ್ಮನಾದೆ. ಒಂದು ಮೂಲೆಯಲ್ಲಿ ಗಾಳಿ ಜೋಡಿಸಿದ್ದು ನಾನು ಜೋಡಿಸಿದ್ದಕ್ಕಿಂತ ಚೆನ್ನಾಗಿತ್ತು! ಅದನ್ನು ಹಾಗೇ ಇಟ್ಟುಕೊಂಡೆ. ಇವರಿಗೆ ಮಾತ್ರ ಹೇಳಲಿಲ್ಲ.

ಎಡವಟ್ಟಾಗಿದ್ದು ಲೆಕ್ಕದಲ್ಲಿ. 5 ಇಂಚಿನ ಚೌಕ, ಉದ್ದಕ್ಕೆ 15. ಅಂದರೆ 75 ಇಂಚು. ಇವರ ಎತ್ತರ 70. ಆರಾಮಾಗಿ ಸಾಕು ಅಲ್ವಾ? ಹೊಲಿದ ಮೇಲೆ ಟೇಪು ಹಿಡಿದರೆ ಬರೀ 68. ಟೇಪನ್ನೇ ಅನುಮಾನಿಸಿ ಬೇರೆ ಟೇಪು ತಂದೆ. ಅದೂ ಹಾಗೇ ಹೇಳಿತು. ಹೊಲಿಗೆಯ ಒಳಗೆ ಪ್ರತಿ ಅಂಚಿನಲ್ಲೂ ಕಾಲು ಇಂಚು ಬಟ್ಟೆ ಹೋಗುತ್ತದೆ, ಹಾಗಾಗಿ ಚೌಕವನ್ನು ಐದೂವರೆಗೆ ಕತ್ತರಿಸಬೇಕು ಎನ್ನುವುದು ನನಗೆ ಹೊಳೆದದ್ದು ಆಗ. ನಡುವಿನ ಹದಿನಾಲ್ಕು ಹೊಲಿಗೆಗೆ ಅರ್ಧರ್ಧ ಇಂಚಿನಂತೆ ಏಳು ಇಂಚು ಮಾಯ! ಸಾಲದ್ದಕ್ಕೆ ಕೆಲವು ತುಂಡುಗಳನ್ನು ಎಳೆಗೆ ಓರೆಯಾಗಿ ಕತ್ತರಿಸಿದ್ದೆ. ಅವು ಎಳೆದ ಕಡೆಗೆಲ್ಲ ಹಿಗ್ಗಿ, ಸಾಲುಗಳು ಹಾವಿನ ಹಾಗೆ ಹರಿದಾಡುತ್ತಿದ್ದವು.

ಆಗ ನನ್ನ ಕೈಹಿಡಿದವರು ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಹಳ್ಳಿಯ ಹೆಂಗಸರು. ದುಡಿಮೆಯ ಹಳೆ ಬಟ್ಟೆಗಳಿಂದ ಅವರು ಹೊಲಿದ ಕೌದಿಗಳಲ್ಲೂ ಗೆರೆಗಳು ವಾಲುತ್ತವೆ, ಚೌಕಗಳು ಸೊಟ್ಟಗಿರುತ್ತವೆ. 2002ರಲ್ಲಿ ಅವು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗೋಡೆ ಏರಿದವು. 2006ರಲ್ಲಿ ಅಂಚೆ ಚೀಟಿಯಲ್ಲೂ ಬಂದವು. ಇದನ್ನು ಇವರಿಗೆ ಓದಿ ಹೇಳಿದೆ. "ಅವರು ಬೇಕೂಂತ ಸೊಟ್ಟ ಮಾಡಿದ್ದು ಕಣೇ" ಎಂದರು. ಇಂಥ ಗಂಡಂದಿರಿಗೆ ಏನನ್ನೂ ಓದಿ ಹೇಳಬಾರದು.

ಇನ್ನು ಮೂರು ಪದರ ಸೇರಿಸುವ ಕೆಲಸ. ಮೇಲೆ ಚೌಕಗಳ ಬಟ್ಟೆ, ನಡುವೆ ಹತ್ತಿ, ಕೆಳಗೆ ಅಸ್ತರಿ. ನಡುಮಧ್ಯದಿಂದ ಶುರುಮಾಡಿ, ಸುಕ್ಕನ್ನು ಹೊರಗೆ ತಳ್ಳುತ್ತಾ ಅಂಚಿನವರೆಗೆ ಪಿನ್ನು ಹಾಕಬೇಕು. ಹಾಕಿದೆ, ಬಲು ಶ್ರದ್ಧೆಯಿಂದ. ಎತ್ತಲು ಹೋದರೆ ಯಾಕೋ ಭಾರ ಜಾಸ್ತಿ ಅನಿಸಿತು. ಕೆಳಗಿದ್ದ ಜಮಖಾನವೂ ನಾಲ್ಕನೆಯ ಪದರವಾಗಿ ಜೊತೆಗೇ ಎದ್ದು ಬಂತು.

ಒಗೆದಾಗ ಇನ್ನೊಂದು. ಹಳೆ ಬಟ್ಟೆಯ ನಡುವೆ ನಾಲ್ಕು ಹೊಸ ಕೆಂಪು ಚೌಕ ಸೇರಿಸಿದ್ದೆ. ಹೊಸ ಬಟ್ಟೆಯನ್ನು ಮೊದಲೇ ನೆನೆಸಿ ಒಣಗಿಸಿಕೊಳ್ಳದಿದ್ದರೆ ಅದು ಕುಗ್ಗುತ್ತದೆ, ಬಣ್ಣವನ್ನೂ ಬಿಡುತ್ತದೆ. ಇವರ ಬಿಳಿ ಶರ್ಟು ಗುಲಾಬಿಯಾಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಹೊದಿಕೆ ಗಿಡ್ಡವಾದರೆ ಏನು ಮಾಡಬೇಕೆಂದು ಹಿರಿಯರು ಹೇಳಿಲ್ಲ. ಇವರು ಅದನ್ನೇ ಹೊದ್ದು ಮಲಗಿದರು, ಪಾದ ಹೊರಗೆ ಬಿಟ್ಟು. ಬೆಳಿಗ್ಗೆ ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ನೋಡಿದರೆ ಕೌದಿಯ ಗುಲಾಬಿ ಜೇಬಿನಿಂದ ಇವರ ಕನ್ನಡಕ ಇಣುಕುತ್ತಿತ್ತು. ದಿನಾ ರಾತ್ರಿ ದಿಂಬಿನಡಿ ಇಟ್ಟು, ಬೆಳಿಗ್ಗೆ ಮನೆಯೆಲ್ಲ ಹುಡುಕಿಸುತ್ತಿದ್ದ ಕನ್ನಡಕ!

"ಇನ್ನೊಂದು ಹೊಲಿಯೋದಾದರೆ ಜೇಬು ಎಡಗಡೆ ಬರಲಿ" ಎಂದರು.

ನಾನು ಬೀರುವಿನ ಕಡೆ ನೋಡಿದೆ. ಅವರು ಎದ್ದು ಹೋಗಿ, ಅದಕ್ಕೆ ಬೀಗ ಹಾಕಿ ಬಂದರು.